ಹಿಮದಲ್ಲಿ ನೆರಳು ಹುಡುಕುವವರು

ಶಹಾಬಾದಿನಿಂದ ಸೇಡಂಗೆ ಹೋಗುವ ಬೆಳಗಿನ ರೈಲಿನಲ್ಲಿ ಕುಳಿತು ನಾನು ಹಿಮಾಲಯದ ಕಾದಂಬರಿ ಬರೆಯುತ್ತೇನೆ. ಸೇಡಂನ ಶಾಲೆಯೊಂದರಲ್ಲಿ ಟೀಚರು. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂಬ ಚಿಂತೆ ವಾಡಿಯವರೆಗೆ ಇರುತ್ತದೆ. ವಾಡಿ ದಾಟಿತೆಂದರೆ, ಸುಡುವುದಿದ್ದರೆ ಇಷ್ಟೊತ್ತಿಗೆ ಸುಟ್ಟೇ ಹೋಗಿರುತ್ತದೆ ಎಂದುಕೊಂಡು ಪೆನ್ನು ತೆಗೆಯುತ್ತೇನೆ. ಕಿಟಕಿಯ ಹೊರಗೆ ಸಿಮೆಂಟಿನ ಧೂಳು ಹೊತ್ತ ಜಾಲಿ ಗಿಡಗಳು, ಕಾಗದದ ಮೇಲೆ ಹಿಮ.

ಹಿಮಾಲಯ ನೋಡಿದ್ದೀಯಾ ಅಂದರೆ, ನೋಡಿದ್ದೇನೆ. ಒಮ್ಮೆ ಯಾತ್ರೆಗೆ ಹೋದಾಗ, ಬಸ್ಸಿನಲ್ಲಿ, ಹೆಚ್ಚುಕಡಿಮೆ ವಾಂತಿ ಚೀಲದ ಅಂಚಿನ ಮೇಲಿಂದ. ಇಷ್ಟು ಅನುಭವ ಸಾಲದೆಂದು ಚಿಂಚೋಳಿ ಕಾಡಿನ ಗುಡ್ಡವನ್ನೂ ಹತ್ತಲು ಹೋಗಿದ್ದೆ. ಅರ್ಧಕ್ಕೇ ಮೊಣಕಾಲು ಹಿಡಿದುಕೊಂಡಿತು. ಆ ನೋವನ್ನು ನನ್ನ ನಾಯಕಿಗೆ ಕೊಟ್ಟೆ. ಆಕೆಗಿನ್ನೂ ಇಪ್ಪತ್ತೆರಡು ವರ್ಷ, ಪಾಪ.

ಮೊದಲ ಅಧ್ಯಾಯಗಳನ್ನು ಬೆಂಗಳೂರಿನ ಪ್ರಕಾಶಕರೊಬ್ಬರಿಗೆ ಕಳಿಸಿದೆ. ಇದುವರೆಗೆ ನನಗೆ ಉತ್ತರ ಕೊಟ್ಟ ಮೊದಲ ಪ್ರಕಾಶಕರು ಅವರೇ, ಫೋನನ್ನೂ ಮಾಡಿದರು.

“ಭಾಷೆ ಚೆನ್ನಾಗಿದೆ ಮೇಡಂ. ಆದ್ರೆ ಬೆಟ್ಟ ಯಾಕೆ? ನಿಮ್ಮ ಕಡೆ ಕಲ್ಲುಗಣಿ ಇದೆ, ಬಿಸಿಲಿದೆ, ಧೂಳಿದೆ. ಅದನ್ನ ಬರೀರಿ, ಖಂಡಿತ ಹಾಕ್ತೀನಿ.”

“ವಿಚಾರ ಮಾಡ್ತೀನ್ರಿ ಸರ್,” ಅಂದೆ.

ಫೋನ್ ಇಟ್ಟ ಮೇಲೆ ಸಿಟ್ಟು ಬಂತು. ನನಗೆ ಸಿಟ್ಟು ಬರುವುದೇ ಫೋನ್ ಇಟ್ಟ ಮೇಲೆ. ಬೆಟ್ಟ ಅವರಿಗೆ, ಧೂಳು ನಮಗೆ ಅಂತ ಹಂಚಿದವರು ಯಾರು? ನಮ್ಮೂರಲ್ಲಿ ಕಲ್ಲು ಬೇಕೆಂದರೆ ಕೆಳಗೆ ಇಳಿಯಬೇಕು. ತಾನಾಗಿ ಮೇಲೆದ್ದು ನಿಂತ ಕಲ್ಲಿನ ಬಗ್ಗೆ ಬರೆಯಬೇಕೆಂಬುದು ನನ್ನ ಆಸೆ. ಆಸೆಗೂ ತಾಲೂಕಿನ ಗಡಿ ಇರುತ್ತದೆಯೇ?

ಚಿತ್ತಾಪುರದಲ್ಲಿ ರೈಲು ಹತ್ತುವ ನರ್ಸ್ ಒಬ್ಬರಿದ್ದಾರೆ. ಗಂಡ ಮಿಲಿಟರಿಯಲ್ಲಿದ್ದಾಗ ಕೆಲವು ಚಳಿಗಾಲ ಬೆಟ್ಟದೂರಿನಲ್ಲಿ ಕಳೆದವರು. ಧೈರ್ಯಕ್ಕೆಂದು ಅದೇ ಅಧ್ಯಾಯಗಳನ್ನು ಅವರಿಗೆ ಓದಲು ಕೊಟ್ಟೆ.

“ಅಕ್ಕೋರೆ, ಸಿಟ್ಟಾಗಬ್ಯಾಡ್ರಿ,” ಎಂದರು ಮರುದಿನ. “ಇಷ್ಟು ಹಿಮ ಬೀಳಲಿಕತ್ತದ, ಈ ಮಂದಿ ಎಲ್ಲಾ ನೆರಳಿಗ್ಯಾಕ ಹೋಗಿ ಕುಂತಾರ?”

“ಎಲ್ಲಿ ಕುಂತಾರ?”

“ಎಲ್ಲಿ ಇಲ್ಲ ಹೇಳ್ರಿ. ಹುಡುಗ ಹುಡುಗಿ ಭೇಟಿ ಆಗೋದು ನೆರಳಾಗ. ಪಂಚಾಯ್ತಿ ನೆರಳಾಗ. ಮುದುಕಿ ಉಂಡು ನೆರಳಿಗೆ ಹೋಗ್ತಾಳ. ಮ್ಯಾಲ ಕೊಡಕ್ಕ ಹಸಿ ಅರಿವಿ ಬ್ಯಾರೆ ಸುತ್ತೀರಿ. ನೀರು ತಣ್ಣಗಾಗಲಿ ಅಂತೇನ್ರಿ? ಅಲ್ಲಿ ಮಂದಿ ಬಿಸಿಲು ಎಲ್ಲಿ ಬಿದ್ದದ ಅಂತ ಚಾಪಿ ಎಳಕೊಂಡು ತಿರಗ್ತಾರ.”

ಡಬ್ಬಿಯ ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ, ಮಳಖೇಡ ಬರುವವರೆಗೆ. ಆಮೇಲೆ ಹಾಳೆ ತಿರುವಿ ನೆರಳುಗಳನ್ನು ಎಣಿಸಿದೆ. ಪ್ರಕಾಶಕರು ಹೇಳಿದ್ದೇ ಖರೆ ಇರಬಹುದು. ಹಿಮ ಅಳಿಸಿ ಧೂಳು ಹಾಕಿದರೆ ನೆರಳೆಲ್ಲ ಸರಿಹೋಗುತ್ತದೆ, ಪುಸ್ತಕವೂ ಬರುತ್ತದೆ.

ಭಾನುವಾರ ಕೂತು ಹಾಗೆಯೇ ಮಾಡಿದೆ. ನಾಯಕಿಯನ್ನು ಶಿಖರದಿಂದ ಇಳಿಸಿ ರಾವೂರಿನ ಗಣಿಯ ಅಂಚಿಗೆ ನಿಲ್ಲಿಸಿದೆ. ನಿಂತಳು. ಸಂಜೆಯವರೆಗೂ ನಿಂತೇ ಇದ್ದಳು. ಗಣಿಯ ಕಥೆ ಬರೆಯಬೇಕಾದವರು ಬರೆಯಲಿ, ನಾನು ಓದುತ್ತೇನೆ. ಇವಳು ಬೆಟ್ಟದವಳು.

ಆ ಪುಟ ಹರಿದು ಹಾಕಿ ಬೆಟ್ಟಕ್ಕೆ ವಾಪಸ್ಸಾದೆ. ಎಲ್ಲರನ್ನೂ ಎಬ್ಬಿಸಿ ಬಿಸಿಲಿಗೆ ಕೂರಿಸಿದೆ, ಆ ಮುದುಕಿಯೊಬ್ಬಳನ್ನು ಬಿಟ್ಟು. ಆಕೆಗೆ ವಾಡಿಯಲ್ಲಿ ತವರು ಕೊಟ್ಟೆ. ಜಂಕ್ಷನ್ನಿನಲ್ಲಿ ಕೆಲಸಕ್ಕಿದ್ದ ಬೆಟ್ಟದೂರಿನವನನ್ನು ಕಟ್ಟಿಕೊಂಡು ಹೋದವಳು. ಅಲ್ಲೇ ಮೊಮ್ಮಕ್ಕಳನ್ನು ಕಾಣುವಷ್ಟು ವರ್ಷ ಕಳೆದರೂ ಊಟವಾದ ಮೇಲೆ ನೆರಳಿಗೇ ಹೋಗುತ್ತಾಳೆ. ಊರೆಲ್ಲ ಕರೆದರೂ ಬಿಸಿಲಿಗೆ ಬರುವುದಿಲ್ಲ.

ಸೋಮವಾರ ರೈಲಿನಲ್ಲಿ, ಗ್ಯಾಸಿನ ಚಿಂತೆ ಇಳಿಯುವ ಮೊದಲೇ, ಪ್ರಕಾಶಕರಿಗೆ ಫೋನ್ ಮಾಡಿದೆ.

“ಬೆಟ್ಟ ಇರ್ತದ್ರಿ ಸರ್.”

“ಹಾಗಾದ್ರೆ ನಮಗೆ ಕಷ್ಟ ಮೇಡಂ. ಇನ್ನೊಂದ್ಸಲ ಯೋಚನೆ ಮಾಡಿ.”

“ಮಾಡೇ ಹೇಳಲಿಕತ್ತೀನ್ರಿ,” ಅಂದೆ. ಈ ಸಲ ಸಿಟ್ಟು ಫೋನ್ ಇಡುವುದಕ್ಕೆ ಮೊದಲೇ ಬಂದಿತ್ತು.

ಚಿತ್ತಾಪುರದಲ್ಲಿ ಹತ್ತಿದ ನರ್ಸಿಗೆ ಹೊಸ ಪುಟ ಕೊಟ್ಟೆ. ಓದಿ ತಲೆ ಎತ್ತಿದರು.

“ಅಲ್ರಿ ಅಕ್ಕೋರೆ, ಈ ಮುದುಕಿಗೆ ಥಂಡಿ ಹತ್ತಂಗಿಲ್ಲೇನು?”

“ಭಾಳ ಹತ್ತತದ,” ಅಂದೆ. “ಆದ್ರ ಏಳಂಗಿಲ್ಲ.”