ತಪಾಸಣೆಗೆಂದೇ ಇಟ್ಟ ಆರನೆಯ ಬಾಟಲಿ

ನನ್ನ ಮಾವ ಹನುಮಂತಯ್ಯನವರು ಮೂವತ್ತನಾಲ್ಕು ವರ್ಷ ಸರ್ಕಾರಿ ಕಾರ್ಖಾನೆಯೊಂದರ ಇನ್ಸ್‌ಪೆಕ್ಷನ್ ವಿಭಾಗದಲ್ಲಿ ದುಡಿದು ರಿಟೈರಾದವರು. ಕಾರ್ಖಾನೆ ಅವರನ್ನು ಬಿಟ್ಟಿತು, ಅವರು ಕಾರ್ಖಾನೆಯನ್ನು ಬಿಡಲಿಲ್ಲ. ಚಿಕ್ಕಬಾಣಾವರದ ನಮ್ಮ ಮನೆಯಲ್ಲಿ ಚೀಟಿಯಿಲ್ಲದ ಡಬ್ಬಿ ಒಂದೂ ಇಲ್ಲ. ಸಾರಿನಪುಡಿಗೆ ಕುಟ್ಟಿದ ತಾರೀಕು, ದೋಸೆಹಿಟ್ಟಿಗೆ ರುಬ್ಬಿದ ಹೊತ್ತು, ಕೆಳಗೆ ‘ಹ’ ಎಂಬ ಒಂದಕ್ಷರದ ಸಹಿ. ಹಳದಿ ಚೀಟಿ ಎಂದರೆ ಪಾಸಾಗಿದೆ, ಬಳಸಬಹುದು. ಕೆಂಪು ಚೀಟಿ ಎಂದರೆ ತಡೆಹಿಡಿದಿದೆ, ಯಾರೂ ಮುಟ್ಟುವಂತಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಕೆಂಪು ಚೀಟಿಯ ಉಪ್ಪಿನಕಾಯಿ ಜಾಡಿಗೆ ಕೈಹಾಕಿ ನಾನು ಅರ್ಧ ಗಂಟೆ ಪಾಠ ಕೇಳಿದ್ದೇನೆ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಇವರದು ನೌಕರಿಯ ಗುಣ, ಅದು ಇನ್ನೂ ಗಟ್ಟಿ.

ನನ್ನ ಮಗಳು ಅಮೂಲ್ಯಾಗೆ ಮೂರು ವರ್ಷ. ಹುಟ್ಟಿನಿಂದಲೇ ಅವಳ ಲಿವರ್‌ಗೆ ಒಂದು ತೊಂದರೆ. ಹೊಟ್ಟೆ ಖಾಲಿಯಾದರೆ ರಕ್ತದಲ್ಲಿ ಸಕ್ಕರೆ ಸರ್ರನೆ ಇಳಿದು ಫಿಟ್ಸ್ ಬರುತ್ತದೆ. ಅದಕ್ಕೇ ಹಗಲೂ ರಾತ್ರಿ ಮೂರು ಗಂಟೆಗೊಮ್ಮೆ, ಪುಡಿ ಕಲಸಿ ಮಾಡುವ ವಿಶೇಷ ಫಾರ್ಮುಲಾ ಕುಡಿಸಬೇಕಿತ್ತು. ಅವಳು ಕುಡಿಯುವುದಿಲ್ಲ ಎಂದು ರಚ್ಚೆ ಹಿಡಿಯುತ್ತಿದ್ದಳು. ಬಾಟಲಿ ಹಿಡಿದು ಅವಳ ಮುಂದೆ ಕೂರುವ ಕೆಲಸ ಮಾವನದು. ಮುಖ ಸಿಂಡರಿಸಬಾರದು, ಗಟಗಟ ಕುಡಿಯಬೇಕು ಎಂದು ಗದರುತ್ತಿದ್ದರು. ಕೊನೆಯ ಗುಟುಕು ಇಳಿದ ಮೇಲೆ ಅವಳ ತಲೆ ಸವರಿ, “ಮುಗೀತು, ಮುಗೀತು, ಜಾಣೆ” ಅನ್ನುತ್ತಿದ್ದರು. ಅದರ ರುಚಿ ಚೆನ್ನಾಗಿಲ್ಲ ಮಾವ ಎಂದು ನಾನು ಹೇಳಿದರೆ, ನೋಡೋಕೆ ಹಾಲಿನ ಹಾಗೇ ಇದೆಯಲ್ಲ, ಇಷ್ಟು ರಂಪ ಯಾತಕ್ಕೆ ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದರು.

ಕಳೆದ ವರ್ಷ ದಿಲ್ಲಿಯ ಡಾಕ್ಟರೊಬ್ಬರು ಅವಳನ್ನು ನೋಡಲು ಒಪ್ಪಿದರು. ಎಂಟು ತಿಂಗಳು ಕಾದು ಸಿಕ್ಕ ದಿನ ಅದು, ಮಧ್ಯಾಹ್ನ ಮೂರೂವರೆಗೆ. ಪೀಣ್ಯದ ಸಣ್ಣ ಯೂನಿಟ್ಟೊಂದರಲ್ಲಿ ಮಷೀನ್ ನಡೆಸುವ ನನ್ನ ಗಂಡ ಶಿವಶಂಕರ್, ಆಸ್ಪತ್ರೆಯ ಹತ್ತಿರ ರೂಮು ನೋಡಲು ನಾಲ್ಕು ದಿನ ಮುಂಚೆಯೇ ರೈಲು ಹತ್ತಿದ್ದರು. ಮಗುವಿಗೆ ಎರಡು ರಾತ್ರಿಯ ರೈಲು ಬೇಡ ಎಂದು ನಾವು ಮೂವರು ವಿಮಾನದಲ್ಲಿ ಹೊರಟೆವು. ಮಾವನಿಗೆ ಅದು ಮೊದಲ ವಿಮಾನ.

ಹೊರಡುವ ಬೆಳಿಗ್ಗೆ ಫಾರ್ಮುಲಾ ಕಲಸಿ, ಕುದಿಸಿ ಒಣಗಿಸಿದ ಪುಟ್ಟ ಬಾಟಲಿಗಳಿಗೆ ತುಂಬಿದವರು ಅವರೇ. ದಾರಿಗೆ ಮೂರು, ವಿಮಾನ ತಡವಾದರೆ ಇರಲಿ ಎಂದು ಇನ್ನೆರಡು. ಐಸ್ ಚೀಲದೊಳಗೆ ನೋಡಿದರೆ ಆರಿದ್ದವು. ನನಗೆ ಮೈ ಉರಿಯಿತು. ಆ ಪುಡಿಯ ಒಂದು ಡಬ್ಬಿ ಸಿಗಬೇಕಾದರೆ ಮೂರು ವಾರ ಕಾಯಬೇಕು, ಹೀಗೆ ಚೆಲ್ಲಾಡುವುದು ಯಾಕೆ ಎಂದು ಕೇಳಿಯೇಬಿಟ್ಟೆ.

“ಇನ್ಸ್‌ಪೆಕ್ಷನ್‌ಗೆ ಅಂತ ಒಂದು ಪೀಸ್ ಜಾಸ್ತಿ ಇರ್ಬೇಕಮ್ಮ ದಿವ್ಯಾ,” ಅಂದರು. “ಬಿಚ್ಚಿ ನೋಡೋರು ಅದನ್ನ ಬಿಚ್ಚಿ ನೋಡ್ಲಿ. ಮಿಕ್ಕಿದ್ದು ಹಂಗೇ ಇರುತ್ತೆ.”

ಹೊತ್ತಾಗುತ್ತಿತ್ತು. ಊರಿಗೊಂದು ದಾರಿಯಾದರೆ ಇವರಿಗೊಂದು ದಾರಿ ಎಂದು ಗೊಣಗಿಕೊಂಡು ಚೀಲದ ಜಿಪ್ ಎಳೆದೆ.

ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸನ್ನು ಕೌಂಟರಿನಲ್ಲಿ ಒಪ್ಪಿಸಿ, ಸೆಕ್ಯುರಿಟಿ ಸಾಲಿಗೆ ಬಂದಾಗ ಎಂಟೂಕಾಲು. ಒಂಬತ್ತಕ್ಕೆ ಅಮೂಲ್ಯಾ ಕುಡಿಯಬೇಕು. ಐಸ್ ಚೀಲವನ್ನು ಟ್ರೇಯಲ್ಲಿಟ್ಟು, ಮಗುವನ್ನು ಎತ್ತಿಕೊಂಡು ಆ ಕಡೆ ದಾಟಿದೆ. ಟ್ರೇ ಮಾತ್ರ ಬೇರೆ ಹಳಿಗೆ ಜಾರಿತು. ಸಮವಸ್ತ್ರದ ಹೆಂಗಸೊಬ್ಬಳು ಚೀಲ ತೆರೆದು ಒಂದು ಬಾಟಲಿ ಎತ್ತಿ ಬೆಳಕಿಗೆ ಹಿಡಿದಳು. ಅದರ ಕೊರಳಿಗೆ ದಾರದಲ್ಲಿ ಕಟ್ಟಿದ ಕೆಂಪು ಚೀಟಿ ನೇತಾಡುತ್ತಿತ್ತು.

ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ಮಾವ ಬರೆದಿದ್ದರು: ‘ಹೋಲ್ಡ್. ಲಾಟ್ ನಂಬರ್ ಒಂದು. ತಪಾಸಣೆ ಆಗದೆ ಬಳಸಕೂಡದು.’ ಆರಕ್ಕೂ ಅದೇ ಚೀಟಿ, ನಾನು ಜಿಪ್ ಎಳೆದ ಮೇಲೆ ಕಟ್ಟಿರಬೇಕು.

ನಾನು ಡಾಕ್ಟರ ಪತ್ರ ಕೊಟ್ಟೆ. ಅವಳು ಓದಿದಳು, ಒರಟಾಗಿ ಏನೂ ಮಾತನಾಡಲಿಲ್ಲ. ಪತ್ರದಲ್ಲಿರುವ ಫಾರ್ಮುಲಾ ಹೆಸರು ಬಾಟಲಿ ಮೇಲಿಲ್ಲ, ಬಳಸಬೇಡಿ ಎಂದು ಬೇರೆ ಬರೆದಿದೆ, ಕಂಪನಿ ಡಬ್ಬಿ ಎಲ್ಲಿ ಎಂದು ಕೇಳಿದಳು. ಡಬ್ಬಿಯನ್ನು ನಾನೇ ಕೈಚೀಲದಲ್ಲಿ ಇಟ್ಟಿದ್ದೆ. ತಡಕಿದೆ, ಇಲ್ಲ. ಮಾವನ ಕಡೆ ತಿರುಗಿದೆ. ಅದು ಬರೀ ಪ್ಯಾಕಿಂಗ್ ಅಲ್ಲವಾ, ಸೂಟ್‌ಕೇಸಿಗೆ ಹಾಕಿದೆ ಎಂದರು. ಸೂಟ್‌ಕೇಸ್ ಆಗಲೇ ವಿಮಾನದ ದಾರಿ ಹಿಡಿದಿತ್ತು.

ಹಾಗಾದರೆ ಆರನ್ನೂ ಬಿಚ್ಚಿ ನೋಡಬೇಕಾಗುತ್ತದೆ ಎಂದಳು ಅವಳು. ಮುಚ್ಚಳ ತೆಗೆದ ಬಾಟಲಿ ಅರ್ಧ ಗಂಟೆಯೊಳಗೆ ಮುಗಿಯಬೇಕು, ಆಮೇಲೆ ಕೊಡಬಾರದೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಆರನ್ನೂ ಬಿಚ್ಚಿದರೆ ಹನ್ನೆರಡಕ್ಕೆ ಏನು ಕುಡಿಸಲಿ, ಮೂರಕ್ಕೆ ಏನು ಕುಡಿಸಲಿ? ಆಕಾಶದಲ್ಲಿ ಮಗುವಿಗೆ ಫಿಟ್ಸ್ ಬಂದರೆ ಯಾರನ್ನು ಕರೆಯಲಿ? ಹಿಂದಿರುಗಿ ಮನೆಗೆ ಹೋದರೆ ಎಂಟು ತಿಂಗಳು ಕಾದ ದಿನ ನೀರುಪಾಲು.

ಆಗ ನಾನು ಮಾವನಿಗೆ ಬಾಯಿಗೆ ಬಂದಂತೆ ಅಂದೆ. ಇದು ನಿಮ್ಮ ಕಾರ್ಖಾನೆಯ ಬೋಲ್ಟು ನಟ್ಟು ಅಲ್ಲ, ನನ್ನ ಮಗು ಅಂದೆ. ನಿಮ್ಮ ಚೀಟಿ ಹುಚ್ಚಿಗೆ ಅವಳು ಬಲಿಯಾಗಬೇಕಾ ಅಂದೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಬೆಲ್ಟು ಇನ್ನೂ ಟ್ರೇಯಲ್ಲೇ ಇದ್ದುದರಿಂದ ಅವರು ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಬರೀ ಸಾಕ್ಸಿನಲ್ಲಿ ನಿಂತಿದ್ದರು. ತಲೆ ತಗ್ಗಿಸಿ, “ತಪ್ಪಾಯ್ತಮ್ಮ,” ಅಂದರು. ಹನ್ನೊಂದು ವರ್ಷದಲ್ಲಿ ಆ ಮಾತು ಅವರ ಬಾಯಲ್ಲಿ ನಾನು ಕೇಳಿರಲಿಲ್ಲ. ನನಗೆ ಅಳು ಬಂತು.

ಆಮೇಲೆ ಅವರು ಆ ಹೆಂಗಸಿನ ಕಡೆ ತಿರುಗಿದರು. ದನಿ ಬದಲಾಯಿತು, ಶಿಫ್ಟ್ ಬದಲಾಗುವಾಗ ಜೊತೆಯವರೊಡನೆ ಮಾತನಾಡುವವರ ದನಿ.

“ಮೇಡಂ, ನಾನೂ ಇನ್ಸ್‌ಪೆಕ್ಟರೇ ಆಗಿದ್ದೋನು. ನೀವು ಅನುಮಾನ ಪಡೋದು ಸರಿ, ನಾನಾಗಿದ್ರೂ ಬಿಡ್ತಿರ್ಲಿಲ್ಲ. ಆರೂ ಒಂದೇ ಪಾತ್ರೇಲಿ ಕಲಸಿದ್ದು. ಮಗೂಗೆ ಬೇಕಾಗಿರೋದು ಐದು. ಆರನೇದು ನಿಮಗೇ ಅಂತ ತಂದಿದೀನಿ. ಯಾವುದು ಬೇಕೋ ನೀವೇ ಆರಿಸ್ಕೊಂಡು ಬಿಚ್ಚಿ.”

ಅವಳು ಅವರನ್ನು ಮೇಲಿಂದ ಕೆಳಗೆ ನೋಡಿದಳು. ಹಿರಿಯ ಅಧಿಕಾರಿಯನ್ನು ಕರೆದಳು. ಆ ಅಧಿಕಾರಿ ಪತ್ರವನ್ನು ಎರಡು ಸಲ ಓದಿ, ಅದರಲ್ಲಿದ್ದ ನಂಬರಿಗೆ ಫೋನು ಮಾಡಿ, ಆಸ್ಪತ್ರೆಯವರೊಡನೆ ಮಾತಾಡಿದರು. ಐದು ಬಾಟಲಿ ಮುಚ್ಚಿದ ಹಾಗೇ ಮತ್ತೊಮ್ಮೆ ಯಂತ್ರದೊಳಗೆ ಹೋಗಿಬಂದವು. ನಡುವಿನಿಂದ ಅವಳೇ ಆರಿಸಿದ ಒಂದನ್ನು ಬಿಚ್ಚಿ, ಕಾಗದದ ಪಟ್ಟಿಯಿಂದ ಪರೀಕ್ಷೆ ಮಾಡಿದರು. ಕೊನೆಗೆ, ದೊಡ್ಡವರಲ್ಲಿ ಒಬ್ಬರು ರುಚಿ ನೋಡಬೇಕು ಎಂದರು. ನಾನು ಕೈ ಚಾಚುವಷ್ಟರಲ್ಲಿ ಮಾವ ಮುಚ್ಚಳದ ತುಂಬ ಬಗ್ಗಿಸಿಕೊಂಡು ಗಟಕ್ಕನೆ ಕುಡಿದುಬಿಟ್ಟರು.

ಅವರ ಮುಖ ನೋಡಬೇಕಿತ್ತು. ಕಣ್ಣು ಮುಚ್ಚಿತು, ತುಟಿ ಸೊಟ್ಟಗಾಯಿತು, ಭುಜ ಎರಡೂ ಕಿವಿಗೆ ಬಂದವು. ಕಹಿಯ ಮೇಲೆ ಹುಳಿ, ಅದರ ಮೇಲೆ ತುಕ್ಕು ಕಬ್ಬಿಣದ ವಾಸನೆ, ನನಗದು ಗೊತ್ತು. ಉಗುಳಲೂ ಆಗದೆ, ನುಂಗಲೂ ಆಗದೆ, ಅಷ್ಟು ಜನರೆದುರು ಕಷ್ಟಪಟ್ಟು ಇಳಿಸಿದರು.

ನನ್ನ ಸೊಂಟದ ಮೇಲಿದ್ದ ಅಮೂಲ್ಯಾ ಅದನ್ನೇ ನೋಡುತ್ತಿದ್ದಳು. ಬಗ್ಗಿ, ಅವರ ಬೋಳುತಲೆಯನ್ನು ಪುಟ್ಟ ಕೈಯಿಂದ ಸವರಿದಳು.

“ಮುಗೀತು, ಮುಗೀತು. ಜಾಣ ತಾತ.”

ಮಾವ ಕಣ್ಣು ಬಿಟ್ಟರು. ಕಣ್ಣಲ್ಲಿ ನೀರಿತ್ತು. “ದಿವ್ಯಾ, ಇದನ್ನಾ ನಮ್ಮ ಕೂಸು ದಿನಕ್ಕೆ ಎಂಟು ಸಲ ಕುಡಿಯೋದು?” ಎಂದು ಮೆಲ್ಲಗೆ ಕೇಳಿದರು. ಹೌದು ಮಾವ ಎಂದೆ. ಅಷ್ಟು ಹೊತ್ತು ಅವರ ಮೇಲಿದ್ದ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಹೋಗಬಹುದು ಎಂದು ಅಧಿಕಾರಿ ಹೇಳಿದ ಮೇಲೂ ಮಾವ ಕದಲಲಿಲ್ಲ. ಜೇಬಿನಿಂದ ಹಳದಿ ಚೀಟಿಯೊಂದನ್ನು ತೆಗೆದು, ಪಾಸಾದ ಮಾಲಿಗೆ ತಪಾಸಣೆ ಮಾಡಿದವರ ಸಹಿ ಬೇಕು ಎಂದು ಆ ಹೆಂಗಸಿನ ಮುಂದೆ ಹಿಡಿದರು. ನಾನು ನಾಚಿಕೆಯಿಂದ ಕುಗ್ಗಿಹೋದೆ. ಅವಳು ಸಹಿ ಹಾಕಲಿಲ್ಲ. ನಕ್ಕು, ಮೊದಲು ಬೆಲ್ಟು ಹಾಕ್ಕೊಳ್ಳಿ ಅಜ್ಜ, ಮಗೂಗೆ ಹೊತ್ತಾಯ್ತು ಎಂದಳು.

ಬಿಚ್ಚಿದ ಬಾಟಲಿಯೂ ವ್ಯರ್ಥವಾಗಲಿಲ್ಲ. ಸರಿಯಾಗಿ ಒಂಬತ್ತಕ್ಕೆ, ಗೇಟಿನ ಹತ್ತಿರದ ಕುರ್ಚಿಯಲ್ಲಿ ಅಮೂಲ್ಯಾ ಅದನ್ನೇ ಕುಡಿದಳು. ಮುಚ್ಚಿದ ಐದು ಚೀಲದಲ್ಲಿ ತಣ್ಣಗಿದ್ದವು. ಮೂರೂವರೆಗೆ ನಾವು ಡಾಕ್ಟರ ಎದುರು ಕೂತಿದ್ದೆವು. ಅವರು ಬದಲಿಸಿ ಕೊಟ್ಟ ಕ್ರಮದಿಂದ ಅಮೂಲ್ಯಾ ಈಗ ರಾತ್ರಿ ಆರು ಗಂಟೆ ಕಾಲ ಎದ್ದೇಳದೆ ಮಲಗುತ್ತಾಳೆ. ಐದು ವರ್ಷ ತುಂಬುವಷ್ಟರಲ್ಲಿ ಇನ್ನೂ ಸುಧಾರಿಸಬಹುದು ಎಂದಿದ್ದಾರೆ.

ಚೀಟಿಗಳೇನೂ ನಿಂತಿಲ್ಲ, ಈಗ ಡಬ್ಬಿಯ ಹೆಸರನ್ನೂ ಬರೆಯುತ್ತಾರೆ, ಅಷ್ಟೇ. ಆದರೆ ಮುಖ ಸಿಂಡರಿಸಬೇಡ ಎಂಬ ಮಾತು ಆ ದಿನದಿಂದ ನಮ್ಮ ಮನೆಯಲ್ಲಿ ಕೇಳಿಲ್ಲ. ಬಾಟಲಿ ಹಿಡಿದು ಕೂತಾಗ ಮಾವ ತಾವೇ ಮೊದಲು ಮುಖ ಸಿಂಡರಿಸುತ್ತಾರೆ. ಅವಳು ನಗುತ್ತಾಳೆ, ಆಮೇಲೆ ಕುಡಿಯುತ್ತಾಳೆ.