ಸುಶಾಂತ್ ಹೇಳಿದ ಸುಳ್ಳು

೨೦೨೩ರಲ್ಲಿ ನಾನು ಕತಾರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸೀನಿಯರ್ ಫಿಸಿಷಿಯನ್ ಅಸಿಸ್ಟೆಂಟ್ ಆಗಿದ್ದೆ. ದೊಡ್ಡ ಆಸ್ಪತ್ರೆ ದೋಹಾದಲ್ಲಿ. ಕಾರ್ಖಾನೆಯ ಕೆಲಸಗಾರರಿಗಾಗಿ ಮೆಸಯೀದ್‌ನಲ್ಲೊಂದು, ಅಲ್ ಖೋರ್‌ನಲ್ಲೊಂದು ಕ್ಲಿನಿಕ್. ನನ್ನ ಹುದ್ದೆಯ ಹೆಸರು ಕೇಳಿದರೆ ಉಡುಪಿಯಲ್ಲಿ ನಮ್ಮವರು ಈಗಲೂ "ಅಂದ್ರೆ ನರ್ಸಾ?" ಎನ್ನುತ್ತಾರೆ. ಅಲ್ಲ. ನಾವು ರೋಗಿಯನ್ನು ಪರೀಕ್ಷಿಸುತ್ತೇವೆ, ಹೊಲಿಗೆ ಹಾಕುತ್ತೇವೆ, ಔಷಧಿ ಸೂಚಿಸುತ್ತೇವೆ. ಆದರೆ ಎಲ್ಲವೂ ಒಬ್ಬ ಡಾಕ್ಟರರ ಜವಾಬ್ದಾರಿಯಲ್ಲಿ, ಅವರ ಒಪ್ಪಿಗೆಯ ಮೇಲೆ. ಹುದ್ದೆಯ ಮರ್ಯಾದೆ ಇರುವುದೂ ಅಲ್ಲೇ, ಉರಿ ಇರುವುದೂ ಅಲ್ಲೇ.

ಆ ವರ್ಷ ನನ್ನ ಕೈಕೆಳಗೆ ತರಬೇತಿಗೆ ಬಂದವನು ಸುಶಾಂತ್. ತುಳು ಮನೆಯ ಹುಡುಗ, ಬೆಳೆದದ್ದು ಕತಾರಿನಲ್ಲೇ. ಮನೆ ಅಲ್ ವುಕೈರ್‌ನಲ್ಲಿ. ಯುರೋಪಿನ ಯಾವುದೋ ಚಳಿದೇಶದಲ್ಲಿ ವೈದ್ಯಕೀಯ ಓದಿ ಬಂದಿದ್ದ. ಹೊರಗಿನ ಪದವಿ ತಂದವರು ಲೈಸೆನ್ಸ್ ಪರೀಕ್ಷೆ ಪಾಸಾಗಬೇಕು. ಎರಡು ಸಲ ಕೂತ, ಎರಡು ಸಲವೂ ಕೈಕೊಟ್ಟಿತು. ಮತ್ತೆ ಕೂರುವ ಧೈರ್ಯ ಉಳಿದಿರಲಿಲ್ಲ. ಅಂಥವರಿಗೆ ನಮ್ಮ ಆಸ್ಪತ್ರೆಯಲ್ಲಿ ಇನ್ನೊಂದು ದಾರಿಯಿತ್ತು: ಒಂದು ವರ್ಷ ತರಬೇತಿ, ಕೊನೆಗೆ ಸಮಿತಿ ಒಪ್ಪಿದರೆ ಫಿಸಿಷಿಯನ್ ಅಸಿಸ್ಟೆಂಟ್ ಹುದ್ದೆ. ಅವನ ಪಾಲಿಗೆ ಉಳಿದಿದ್ದ ಬಾಗಿಲು ಅದೊಂದೇ.

ಮೊದಲ ದಿನವೇ ಅವನಿಗೆ ಹೇಳಿದ್ದೆ: "ಇಲ್ಲಿ ನೀನು ಡಾಕ್ಟರ್ ಅಲ್ಲ. ಯಾರಾದರೂ ಹಾಗೆ ಕರೆದರೆ ಅಲ್ಲ ಅಂತ ಹೇಳಬೇಕು." ಪಾಪ, ಅವನಮ್ಮ ನಮ್ಮವರ ಕೂಟಗಳಲ್ಲೆಲ್ಲ ಮಗನನ್ನು ಡಾಕ್ಟರ್ ಎಂದೇ ಪರಿಚಯಿಸುತ್ತಿದ್ದರು. "ನಿನ್ನ ಅಮ್ಮನಿಗೆ ಮೊದಲು ತರಬೇತಿ ಕೊಡಬೇಕು ಮಾರಾಯ" ಎಂದು ನಾನು ರೇಗಿಸಿದರೆ ತಲೆ ತಗ್ಗಿಸಿ ನಗುತ್ತಿದ್ದ. ಆ ನಗು ನೋಡಿದರೆ ನನಗೆ ಸಂಕಟವಾಗುತ್ತಿತ್ತು. ಕೆಲಸದಲ್ಲಿ ಮಾತ್ರ ಚುರುಕು. ನನ್ನ ಕೈಗೆ ಬಂದ ಹುಡುಗರಲ್ಲಿ ಅಷ್ಟು ಒಳ್ಳೆಯ ಕಣ್ಣಿದ್ದವರು ಕಡಿಮೆ.

ನವೆಂಬರ್ ತಿಂಗಳು. ಅಂದು ನಾನು ಅಲ್ ಖೋರ್‌ನಲ್ಲಿದ್ದೆ, ಸುಶಾಂತ್ ಮೆಸಯೀದ್‌ನಲ್ಲಿ. ಮಧ್ಯಾಹ್ನ ಯಮನಪ್ಪ ಎಂಬ ಪೈಪ್ ಫಿಟ್ಟರ್‌ನನ್ನು ಕ್ಲಿನಿಕ್‌ಗೆ ಕರೆತಂದರು. ಬಾಗಲಕೋಟೆ ಕಡೆಯವನು. ಎರಡು ಪೈಪುಗಳ ನಡುವೆ ಬಲ ಮುಂಗೈ ಸಿಕ್ಕಿತ್ತು. ಎಕ್ಸ್‌ರೇಯಲ್ಲಿ ಮೂಳೆ ಸರಿಯಾಗಿತ್ತು. ಸುಶಾಂತ್ ದೋಹಾದಲ್ಲಿದ್ದ ನಮ್ಮ ಮೇಲ್ವಿಚಾರಕ ಡಾಕ್ಟರಿಗೆ ಫೋನ್ ಮಾಡಿದ. ಅವರು ನೋವಿನ ಮಾತ್ರೆ ಕೊಟ್ಟು, ಕೈಯನ್ನು ಬಟ್ಟೆಯ ಜೋಳಿಗೆಯಲ್ಲಿ ಕುತ್ತಿಗೆಗೆ ಕಟ್ಟಿ, ನಾಳೆ ಬರಹೇಳು ಎಂದರು. ರಜೆಗಾಗಿ ನೋವು ಹೆಚ್ಚಿಸಿ ಹೇಳುವವರನ್ನು ಅವರು ಬೇಕಾದಷ್ಟು ನೋಡಿದ್ದರು.

ಆದರೆ ಯಮನಪ್ಪ ನೋವನ್ನು ಮುಚ್ಚಿಡುತ್ತಿದ್ದ. ಅನ್‌ಫಿಟ್ ಎಂದು ಬರೆದರೆ ಊರಿಗೆ ಕಳಿಸುತ್ತಾರೆಂಬ ಭಯ.

"ಏನೂ ಆಗಿಲ್ರೀ ಸಾಹೇಬ್ರ, ಒಂದ್ ಸೂಜಿ ಕೊಟ್ಟ ಬಿಡ್ರಿ, ನಾಳೆ ಡ್ಯೂಟಿಗೆ ಹೊಕ್ಕೀನಿ" ಎನ್ನುತ್ತಿದ್ದವನ ಬೆರಳುಗಳನ್ನು ಸುಶಾಂತ್ ಮೆಲ್ಲಗೆ ನೇರ ಮಾಡಲು ನೋಡಿದ. ಯಮನಪ್ಪ ನೋವಿಗೆ ಮಂಚದಿಂದ ಎದ್ದೇ ಬಿಟ್ಟ.

ಸುಶಾಂತ್ ನನಗೆ ಫೋನ್ ಮಾಡಿದ. "ಮೇಡಂ, ಅವರು ನೋವಿಲ್ಲ ಅಂತಾರೆ, ಬೆರಳು ಮುಟ್ಟಿದ್ರೆ ಕಿರುಚ್ತಾರೆ. ಮುಂಗೈ ಕಲ್ಲಿನ ಹಾಗಿದೆ. ಕಂಪಾರ್ಟ್‌ಮೆಂಟ್ ಸಿಂಡ್ರೋಮ್. ಐ ಆಮ್ ಶೂರ್."

ಜಜ್ಜಿದ ಸ್ನಾಯು ತನ್ನ ಬಿಗಿಯಾದ ಪೊರೆಯೊಳಗೇ ಊದಿಕೊಂಡು ರಕ್ತ ಓಡಾಡದಂತೆ ಮಾಡುವ ಸ್ಥಿತಿ ಇದು. ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಕೆಲವೇ ಗಂಟೆಗಳಲ್ಲಿ ಪೊರೆ ಕೊಯ್ದು ಬಿಡಿಸದಿದ್ದರೆ ಕೈ ಸತ್ತುಹೋಗುತ್ತದೆ. ಸರ್ಜನ್ ಬೇಕು. ಆದರೆ ರೋಗಿಯನ್ನು ಕಳಿಸಲು ಡಾಕ್ಟರರ ಒಪ್ಪಿಗೆ ಬೇಕು, ಸರ್ಜನ್ ಜೊತೆ ಡಾಕ್ಟರರೇ ಮಾತಾಡಬೇಕು. ಇದು ನಮ್ಮ ಆಸ್ಪತ್ರೆಯ ನಿಯಮ. ನನಗೂ ಆ ಅಧಿಕಾರ ಇರಲಿಲ್ಲ.

"ಡಾಕ್ಟರಿಗೆ ಮತ್ತೆ ಫೋನ್ ಮಾಡು, ನಾನೂ ಮಾಡ್ತೇನೆ" ಎಂದೆ. ಇಬ್ಬರೂ ಮಾಡಿದೆವು. ಅವರು ಅಷ್ಟರಲ್ಲಿ ಒಂದು ಆಪರೇಷನ್‌ಗೆ ಒಳಗೆ ಹೋಗಿದ್ದರು. ಬದಲಿ ಡಾಕ್ಟರರೂ ಸಿಗಲಿಲ್ಲ. ನಾನು ಡಯಲ್ ಮಾಡುತ್ತಲೇ ಇದ್ದೆ. ಮೆಸಯೀದ್‌ನಲ್ಲಿ ಯಮನಪ್ಪನ ಬೆರಳು ತಣ್ಣಗಾಗತೊಡಗಿತ್ತು.

ಆಗ ಸುಶಾಂತ್ ದೊಡ್ಡ ಆಸ್ಪತ್ರೆಯ ಸರ್ಜನ್‌ಗೆ ನೇರವಾಗಿ ಫೋನ್ ಮಾಡಿ, "ಮೆಸಯೀದ್‌ನಿಂದ ಡಾಕ್ಟರ್ ಸುಶಾಂತ್ ಮಾತಾಡ್ತಿದ್ದೇನೆ" ಎಂದ. ಹತ್ತು ತಿಂಗಳಲ್ಲಿ ಆ ಪದವನ್ನು ತನ್ನ ಹೆಸರಿಗೆ ಅವನು ಒಮ್ಮೆಯೂ ಸೇರಿಸಿರಲಿಲ್ಲ. ಸರ್ಜನ್ ಪ್ರಶ್ನೆ ಕೇಳಿದರು, ಇವನ ಉತ್ತರಗಳಲ್ಲಿ ಒಂದೂ ತಪ್ಪಿರಲಿಲ್ಲ. ಆಂಬ್ಯುಲೆನ್ಸಿನ ಚಾಲಕನಿಗೆ "ಯಲ್ಲಾ, ಹೊರಡು" ಎಂದವನೇ ತಾನೂ ಹತ್ತಿ ಕೂತ. ಸಂಜೆಯೊಳಗೆ ಆಪರೇಷನ್ ಮುಗಿಯಿತು. ಕೈ ಉಳಿಯಿತು.

ಸರ್ಜನ್ ಬರೆದ ದಾಖಲೆಯಲ್ಲಿ "ಡಾಕ್ಟರ್ ಸುಶಾಂತ್" ಎಂದಿದ್ದದ್ದು ಮೇಲಿನವರ ಕಣ್ಣಿಗೆ ಬಿತ್ತು. ಮರುವಾರ ಸಮಿತಿ ಕೂತಿತು. ಅಧ್ಯಕ್ಷರು ನನ್ನನ್ನು ಕರೆದು ನೇರವಾಗಿ ಕೇಳಿದರು: "ಡಾಕ್ಟರ್ ಎಂದು ಹೇಳಿಕೊಳ್ಳಬಾರದೆಂದು ಅವನಿಗೆ ಗೊತ್ತಿತ್ತೇ?"

"ಗೊತ್ತಿತ್ತು. ನಾನೇ ಹೇಳಿದ್ದೆ."

"ರೋಗಿಯ ಕೈ ಉಳಿದಿದೆ ಸರ್" ಎಂದೂ ಸೇರಿಸಿದೆ.

"ಅದಕ್ಕೆ ನಮಗೂ ಸಂತೋಷವಿದೆ. ಆದರೆ ನಾಳೆ ಇನ್ನೊಬ್ಬ ಹೀಗೇ ಹೇಳಿ, ಅವನ ಊಹೆ ತಪ್ಪಾಗಿದ್ದರೆ?"

ಆ ಮಾತನ್ನು ನಾನೇ ಎಷ್ಟೋ ಹುಡುಗರಿಗೆ ಹೇಳಿದ್ದೆ. ಸುಶಾಂತ್‌ನ ತರಬೇತಿ ಅಲ್ಲಿಗೆ ಖಲಾಸ್. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದವನು ನನ್ನ ಮುಖ ನೋಡಿಯೇ ತಿಳಿದುಕೊಂಡ. "ನೀವು ಇದ್ದದ್ದನ್ನೇ ಹೇಳಿರ್ತೀರಿ ಮೇಡಂ, ಪರ್ವಾಗಿಲ್ಲ" ಎಂದ. ಅವನು ಎರಡು ಮಾತು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಈಗ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಕೂತು ಬೇರೆಯವರು ಮಾಡಿದ ಚಿಕಿತ್ಸೆಯ ಬಿಲ್ ಪರಿಶೀಲಿಸುತ್ತಾನೆ.

ನಿಯಮ ತಪ್ಪೆಂದು ನಾನು ಇಂದಿಗೂ ಹೇಳಲಾರೆ. ಅದು ಇಲ್ಲದಿದ್ದರೆ ಸಾಯುವವರು ಹೆಚ್ಚು. ಆದರೆ ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟ ಮಾತ್ರಕ್ಕೆ ನಮ್ಮ ಪಾಲಿನ ನ್ಯಾಯ ಮುಗಿಯುವುದಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಇದನ್ನೇ, ಅದೂ ಬಹಳ ತಡವಾಗಿ.

ಜನವರಿಯಲ್ಲಿ ಯಮನಪ್ಪ ಕೊನೆಯ ತಪಾಸಣೆಗೆ ಬಂದ. ಬೆರಳು ಮಡಚಿ, ಬಿಚ್ಚಿ ತೋರಿಸಿದ. ಭಾರದ ಕೆಲಸಕ್ಕೆ ಆಗದೆಂದು ಕಂಪನಿ ಅವನನ್ನು ಊರಿಗೆ ಕಳಿಸುತ್ತಿತ್ತು. "ಕೈ ಉಳೀತ್ರಿ ಮೇಡಂ, ನೌಕ್ರಿ ಉಳೀಲಿಲ್ಲ. ಇರ್ಲಿ ಬಿಡ್ರಿ. ಆ ಸಾಹೇಬ್ರು ಎಲ್ಲದಾರ?"

"ಅವರು ಇಲ್ಲಿ ಕೆಲಸ ಬಿಟ್ಟರು."

"ಯಾಕ್ರಿ? ಇದಕ್ಕಿಂತ ಛಲೋ ಕಡೆ ಹೋದ್ರೇನು?"

"ಹೌದು" ಎಂದೆ.

ಅವನಿಗೆ ಖುಷಿಯಾಯಿತು. ಉದ್ದಕ್ಕೆ ಕಲೆ ಬಿದ್ದಿದ್ದ ಬಲಗೈಯನ್ನು ಎಡಗೈಗೆ ಜೋಡಿಸಿ, ಸ್ವಲ್ಪ ಕಷ್ಟಪಟ್ಟೇ ಮುಗಿದ. "ಯಮನಪ್ಪ ಹಿಂಗ ಕೈ ಮುಗದಾನಂತ ಅವ್ರಿಗೆ ಹೇಳ್ರಿ" ಎಂದ.

ನಾನು ಇನ್ನೂ ಹೇಳಿಲ್ಲ.