ನನ್ನ ಮಾತು ತೆಗೆದು ಡೋಲು ಹಾಕಿದವರು

"ಅಮ್ಮಾ, ನಿನ್ನೆ ಪಡವಲಕಾಯಿ ತಗೊಂಡ್ಯಾ?"

ಬಿಟಿಎಂ ಲೇಔಟಿನಿಂದ ಮಗಳು ಬೆಳಿಗ್ಗೆಯೇ ಫೋನು ಮಾಡಿ ಕೇಳಿದ ಮೊದಲ ಮಾತು ಇದು. ನಾನು ಒಲೆಯ ಮುಂದೆ ನಿಂತು ಹಾಲು ಉಕ್ಕುವುದನ್ನು ಕಾಯುತ್ತಿದ್ದೆ. ತಗೊಂಡೆ, ಯಾಕೆ, ಎಂದೆ. ಆಚೆಯಿಂದ ನಗು ನುಂಗಿಕೊಂಡ ಸದ್ದು ಬಂತು.

"ಒಂದು ವಿಡಿಯೋ ಕಳಿಸಿದೀನಿ, ನೋಡು. ಕೋಪ ಮಾಡ್ಕೋಬೇಡ, ಚೆನ್ನಾಗೇ ಬಂದಿದೀಯ."

ತೆರೆದು ನೋಡಿದೆ. ಬನಶಂಕರಿಯ ನಮ್ಮ ಮನೆಗೆ ಹತ್ತಿರದ ಫುಟ್‌ಪಾತು. ಅದರ ನಟ್ಟನಡುವೆ ನಾನು: ನೀಲಿ ಕಾಟನ್ ಸೀರೆ, ಕಾಲಿಗೆ ವಾಕಿಂಗ್ ಶೂ, ಕೈಯಲ್ಲಿ ಮಾರುದ್ದದ ಪಡವಲಕಾಯಿ. ಎದುರಿಗೆ ಬೈಕುಗಳು. ಪಡವಲಕಾಯಿಯನ್ನು ನಾನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೀಸುತ್ತಿದ್ದೇನೆ. ಬೀಸಿದಾಗಲೆಲ್ಲ ಕತ್ತಿ ಝಳಪಿಸಿದ ಸದ್ದು, ಹಿನ್ನೆಲೆಯಲ್ಲಿ ಯುದ್ಧಕ್ಕೆ ಹೊರಟವರಿಗೆ ಬಾರಿಸುವಂಥ ಡೋಲು. ಮುಂದಿನ ಬೈಕಿನ ಯುವಕನ ಮುಖ ದೊಡ್ಡದಾಗಿ ಬಂದು, ಹೆದರಿ ಹಿಂದೆ ಸರಿದು, ಮತ್ತೆ ಮುಂದೆ ಬಂದು, ಮತ್ತೆ ಹೆದರಿ ಹಿಂದೆ ಸರಿಯಿತು. ನನ್ನ ಬಾಯಿ ಬಡಬಡ ಆಡುತ್ತಿತ್ತು. ಮಾತು ಮಾತ್ರ ಒಂದೂ ಇರಲಿಲ್ಲ. ಕೆಳಗೆ ಹಳದಿ ಅಕ್ಷರದಲ್ಲಿ "ಪಡವಲಕಾಯಿ ಆಂಟಿ" ಎಂದು ಬರೆದು, ಪಕ್ಕದಲ್ಲಿ ನಗುತ್ತ ಕಣ್ಣೀರು ಸುರಿಸುವ ಗುಂಡು ಮುಖಗಳನ್ನು ಸಾಲಾಗಿ ಅಂಟಿಸಿದ್ದರು.

"ಹೇಗಿದೆ?" ಎಂದಳು ಮಗಳು.

"ನನ್ನ ಮಾತೆಲ್ಲಿ ಹೋಯ್ತು?"

"ಏನು?"

"ಅಷ್ಟೊಂದು ಮಾತಾಡಿದೀನಲ್ಲ, ಅದೆಲ್ಲಿ? ಪಕ್ಕದ್ಮನೆಯವರೆಲ್ಲಿ?"

"ಅಮ್ಮಾ, ಅದು ಫನ್ನಿ ವಿಡಿಯೋ ಅಷ್ಟೇ. ಯಾರೂ ಕೆಟ್ಟದಾಗಿ ಬರ್ದಿಲ್ಲ. ಎಲ್ರೂ ಕ್ಯೂಟ್ ಅಂತಿದಾರೆ."

ಕ್ಯೂಟ್! ಅದೇ ನನ್ನನ್ನು ಉರಿಸಿದ್ದು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅರವತ್ತು ದಾಟಿದ ಹೆಂಗಸಿಗೆ ಸಿಟ್ಟು ಬಂದರೆ ಈ ಕಾಲದಲ್ಲಿ ಅದನ್ನು ಸಿಟ್ಟು ಎಂದು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಮಗು ಹಟ ಮಾಡಿದಾಗ ಕೆನ್ನೆ ಹಿಂಡುತ್ತಾರಲ್ಲ, ಹಾಗೆ ಹಿಂಡುತ್ತಾರೆ.

ಹಿಂದಿನ ಸಂಜೆ ನಡೆದದ್ದನ್ನು ಹೇಳಿಬಿಡುತ್ತೇನೆ. ನಮ್ಮ ಪಕ್ಕದ ಮನೆಯವರು ನನಗಿಂತ ಹಿರಿಯ ಹೆಂಗಸು. ಮಂಡಿ ಆಪರೇಷನ್ ಆಗಿ ತಿಂಗಳುಗಟ್ಟಲೆ ಮನೆಯೊಳಗೇ ಇದ್ದವರು, ಅವತ್ತು ಕೋಲು ಹಿಡಿದು ತರಕಾರಿ ಅಂಗಡಿಯ ತನಕ ಬರುವ ಧೈರ್ಯ ಮಾಡಿದ್ದರು. ಹೋಗುವಾಗ ಚೆನ್ನಾಗಿಯೇ ನಡೆದರು. "ನೋಡಿದ್ರೇನ್ರೀ, ಇನ್ನು ಉಗಾದಿ ಹೊತ್ತಿಗೆ ಬೆಟ್ಟ ಹತ್ತಿಬಿಡ್ತೀನಿ" ಎಂದು ನಕ್ಕರು. ಬರುವಾಗ ಸಿಗ್ನಲ್ಲಿನಲ್ಲಿ ಗಾಡಿಗಳು ರಸ್ತೆ ತುಂಬ ನಿಂತಿದ್ದವು. ನಿಲ್ಲುವ ವ್ಯವಧಾನ ಇಲ್ಲದ ಬೈಕುಗಳು ಎಂದಿನಂತೆ ಫುಟ್‌ಪಾತ್ ಹತ್ತಿದವು. ನಮ್ಮ ಬೆನ್ನ ಹಿಂದೆಯೇ ಒಬ್ಬ ಹಾರ್ನು ಒತ್ತಿದ. ಅವರು ಬೆಚ್ಚಿಬಿದ್ದರು, ಕೋಲು ಜಾರಿತು, ಕಾಂಪೌಂಡು ಗೋಡೆಗೆ ಒರಗಿಕೊಂಡು ಹಾಗೆಯೇ ಕುಸಿದು ಕೂತರು.

"ಆಂಟೀ, ಸ್ವಲ್ಪ ಸೈಡ್ ಬಿಡಿ ಆಂಟೀ" ಎಂದ ಬೈಕಿನವನು.

ಅಷ್ಟೇ. ನಾನು ತಿರುಗಿ ಅವರಿಗೂ ಬೈಕುಗಳಿಗೂ ನಡುವೆ ನಿಂತುಬಿಟ್ಟೆ. ಪಡವಲಕಾಯಿ ಯಾವ ಚೀಲದಲ್ಲೂ ಹಿಡಿಸುವುದಿಲ್ಲ, ಹಾಗಾಗಿ ಕೈಯಲ್ಲಿ ಹಿಡಿದುಕೊಂಡಿದ್ದೆ. ಅದು ಆಯುಧವಲ್ಲ, ಮರುದಿನದ ಪಲ್ಯ. ಕೈ ಬೀಸಿ "ರಸ್ತೆಗೆ ಇಳಿ" ಎನ್ನುವಾಗ ಅದೂ ಬೀಸಿತು.

ಆ ಬೆಳಿಗ್ಗೆ ಮಗಳ ಫೋನು ಇಟ್ಟು ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯವರೇ ಗೋಡೆ ಹಿಡಿದುಕೊಂಡು ಬಂದರು. ಮಂಡಿ ಊದಿತ್ತು. ಅವರ ಸೊಸೆಗೂ ಎಲ್ಲಿಂದಲೋ ವಿಡಿಯೋ ಬಂದಿತ್ತು.

"ನಾನು ಅಲ್ಲಿ ಇರ್ಲೇ ಇಲ್ಲ ಅನ್ನೋ ಥರ ಮಾಡಿದಾರಲ್ರೀ" ಎಂದರು. "ನಮ್ಮ ಸೊಸೆ ಕೇಳ್ತಾಳೆ, ಅತ್ತೆ, ನೀವೂ ಜೊತೇಲಿ ಹೋಗಿದ್ರಾ ಅಂತ. ಬಿದ್ದಿದ್ದು ನಾನು ಕಣ್ರೀ!"

ನನಗೆ ಈ ಕೆಲಸ ಗೊತ್ತಿಲ್ಲದಿದ್ದರೆ ಬಹುಶಃ ಸುಮ್ಮನಾಗುತ್ತಿದ್ದೆನೇನೋ. ಜಯನಗರದ ಒಂದು ಸ್ಟುಡಿಯೋದಲ್ಲಿ ಮದುವೆ ವಿಡಿಯೋಗಳನ್ನು ಎಡಿಟ್ ಮಾಡುತ್ತ ನನ್ನ ಅರ್ಧ ಆಯುಷ್ಯ ಕಳೆದಿದೆ. ಎರಡು ವಿಸಿಆರ್ ಇಟ್ಟುಕೊಂಡು ಒಂದರಿಂದ ಇನ್ನೊಂದಕ್ಕೆ ತುಂಡು ತುಂಡಾಗಿ ಏರಿಸುತ್ತಿದ್ದ ಕಾಲದಿಂದ, ಕಂಪ್ಯೂಟರಿನ ತನಕ. ವಧೂವರರನ್ನು ಗುಲಾಬಿ ಹೂವಿನ ಒಳಗಿಂದ ಹೊರಗೆ ತಂದವರು ನಾವೇ. ಅಕ್ಷತೆಯನ್ನು ನಿಧಾನ ಗತಿಯಲ್ಲಿ ಉದುರಿಸಿದವರೂ ನಾವೇ. ಈಗ ನೋಡಿದರೆ ನಗು ಬರುತ್ತದೆ, ಬರಲಿ. ಆದರೆ ಕತ್ತರಿಸುವುದಕ್ಕೆ ನಮ್ಮಲ್ಲಿ ಒಂದು ಮರ್ಯಾದೆ ಇತ್ತು. ಊಟದ ಪಂಕ್ತಿಯಲ್ಲಿ ಬಾಯಿ ತುಂಬಿಕೊಂಡವರನ್ನು ತೆಗೆಯುತ್ತಿದ್ದೆವು. ಆಕಳಿಸುವ ಪುರೋಹಿತರನ್ನು, ಸೆರಗು ಜಾರಿದ ಅತ್ತಿಗೆಯನ್ನು, ಬೀಗರ ಮುನಿಸನ್ನು ತೆಗೆಯುತ್ತಿದ್ದೆವು. ಕೊನೆಗೆ ಮನೆಯವರನ್ನು ಕರೆಸಿ, ಪಕ್ಕದಲ್ಲಿ ಕೂರಿಸಿ ತೋರಿಸಿ, ಅವರು ಸರಿ ಎಂದ ಮೇಲೆಯೇ ಕ್ಯಾಸೆಟ್ಟು ಕೊಡುತ್ತಿದ್ದದ್ದು. ಒಮ್ಮೆ ಒಬ್ಬ ತಾಯಿ, ತಾವು ಬಿಕ್ಕಿ ಅಳುವ ಭಾಗ ನಾನು ತೆಗೆದಿದ್ದನ್ನು ನೋಡಿ, "ಅದನ್ನ ಹಾಕಮ್ಮ, ನಾನು ಅತ್ತಿದ್ದು ನಿಜ ತಾನೆ" ಎಂದರು. ಮತ್ತೆ ಹಾಕಿದೆ.

ಈ ವಿಡಿಯೋದಲ್ಲಿ ಏನು ಮಾಡಿದ್ದಾರೆಂದು ಎರಡನೇ ಸಲ ನೋಡುವಾಗಲೇ ತಿಳಿಯಿತು. ಅಡ್ಡಲಾಗಿ ತೆಗೆದ ಚಿತ್ರವನ್ನು ಮೊಬೈಲಿಗೆ ಸರಿಹೋಗಲೆಂದು ಉದ್ದಕ್ಕೆ ಕತ್ತರಿಸಿದ್ದರು. ಎರಡೂ ಬದಿಯ ಪ್ರಪಂಚ ಹಾರಿಹೋಗಿತ್ತು. ಗೋಡೆಗೆ ಒರಗಿ ಕೂತ ಪಕ್ಕದ ಮನೆಯವರು ಆ ಹಾರಿಹೋದ ಬದಿಯಲ್ಲಿದ್ದರು. ಮೊಬೈಲನ್ನು ಅಡ್ಡ ತಿರುಗಿಸಲು ಜನರ ಮಣಿಕಟ್ಟಿಗೆ ಅಷ್ಟೊಂದು ನೋವೇ? ಅಷ್ಟು ಸಣ್ಣ ಸೋಮಾರಿತನಕ್ಕೆ ಒಬ್ಬ ಹೆಂಗಸನ್ನೇ ಅಳಿಸುತ್ತಾರೆಯೇ?

ನಾಲ್ಕಾರು ದಿನ ಹೊರಗೆ ಹೋದಲ್ಲೆಲ್ಲ ಇದೇ ಆಯಿತು. ತರಕಾರಿ ಅಂಗಡಿಯವನು ನನ್ನನ್ನು ಕಂಡು ಸೆಲ್ಯೂಟ್ ಹೊಡೆದ. ಪಾರ್ಕಿನಲ್ಲಿ ಯಾರೋ ಪರಿಚಯವಿಲ್ಲದ ಹೆಂಗಸು ಓಡಿಬಂದು, "ಆಂಟಿ, ನೀವೇ ಅಲ್ವಾ? ಒಂದು ಸೆಲ್ಫಿ" ಎಂದಳು. "ಆ ವಿಡಿಯೋದಲ್ಲಿ ನಾನು ಏನು ಹೇಳ್ತಿದ್ದೆ ಗೊತ್ತೇನಮ್ಮ ನಿಂಗೆ?" ಎಂದು ಕೇಳಿದೆ. ಅವಳಿಗೆ ಅದು ಪ್ರಶ್ನೆ ಎಂದೇ ಅನ್ನಿಸಲಿಲ್ಲ. ಮೊಬೈಲು ಮೇಲೆತ್ತಿ ನಕ್ಕಳು. ನಾನು ನಗಲಿಲ್ಲ. ಆ ಸೆಲ್ಫಿಯೂ ಈಗ ಎಲ್ಲೋ ಓಡಾಡುತ್ತಿರಬೇಕು.

ಪೂರ್ತಿ ವಿಡಿಯೋ ಎಲ್ಲೋ ಇರಲೇಬೇಕು ಎನ್ನುವುದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮೇಲಿನಿಂದ ತೆಗೆದಿದ್ದು, ಕೈ ಅಲುಗಿರಲಿಲ್ಲ. ಯಾರೋ ಕಿಟಕಿಯ ಚೌಕಟ್ಟಿಗೆ ಮೊಬೈಲು ಆನಿಸಿ ನಿಂತು ತೆಗೆದದ್ದು. ಅದೇ ಜಾಗಕ್ಕೆ ಹೋಗಿ ನಿಂತು ತಲೆಯೆತ್ತಿ ನೋಡಿದೆ. ಎದುರಿಗೆ ಬೇಕರಿ, ಅದರ ಮೇಲಿನ ಮಹಡಿಯಲ್ಲಿ ಬ್ಯೂಟಿ ಪಾರ್ಲರ್. ಜಗಳಕ್ಕೆ ಸಿದ್ಧವಾಗಿಯೇ ಮೆಟ್ಟಿಲು ಹತ್ತಿದೆ.

ಪಾರ್ಲರ್ ನಡೆಸುವ ಹೆಂಗಸಿಗೆ ನನ್ನ ಮಗಳ ವಯಸ್ಸು. ನನ್ನನ್ನು ನೋಡಿದ್ದೇ ಅವಳ ಮುಖ ಬಾಡಿತು.

"ಬರ್ತೀರ ಅಂತ ಗೊತ್ತಿತ್ತು ಆಂಟಿ. ದೇವ್ರಾಣೆ, ನಾನು ನಗೋಕೆ ತೆಗೆದಿದ್ದಲ್ಲ."

"ಮತ್ತೆ ಯಾಕೆ ತೆಗೆದೆಯಮ್ಮ?"

"ಕಂಪ್ಲೇಂಟ್ ಕೊಡೋಕೆ. ದಿನಾ ನೋಡ್ತೀನಿ ಆಂಟಿ, ಮಕ್ಕಳು ಮರಿ ಎಲ್ಲ ಬೈಕಿಗೆ ಹೆದರಿ ರಸ್ತೆಗೆ ಇಳೀತಾರೆ. ಅವತ್ತು ಆ ಅಜ್ಜಿ ಬಿದ್ದಿದ್ದು ನೋಡಿ ತಡ್ಕೊಳ್ಳೋಕೆ ಆಗ್ಲಿಲ್ಲ. ಏರಿಯಾ ಗ್ರೂಪಿಗೆ ಹಾಕಿ, ಯಾರಾದ್ರೂ ಟ್ರಾಫಿಕ್ ಪೊಲೀಸ್ರಿಗೆ ಕಳ್ಸಿ ಅಂದೆ. ಒಬ್ರೂ ಕಳಿಸ್ಲಿಲ್ಲ. ಬೆಳಿಗ್ಗೆ ನೋಡಿದ್ರೆ ಹೀಗೆ."

ಜಗಳಕ್ಕೆಂದು ಬಂದವಳು ಅದನ್ನು ಬಿಟ್ಟು, ಪೂರ್ತಿ ವಿಡಿಯೋ ಇದೆಯೇ ಎಂದು ಕೇಳಿದೆ. ಅವಳು ಕುರ್ಚಿ ಎಳೆದು ಕೂರಿಸಿದಳು, ನೀರು ಕೊಟ್ಟಳು, ಪೂರ್ತಿ ವಿಡಿಯೋವನ್ನು ನನ್ನ ಮೊಬೈಲಿಗೆ ಕಳಿಸಿದಳು. ಕತ್ತರಿಸಿದವರು ಯಾರು ಎಂದು ಕೇಳಿದೆ. ಹೇಳಿದಳು. ನಮ್ಮ ಮನೆಯಿಂದ ಎರಡು ಕ್ರಾಸ್ ಆಚೆಯವರು, ರಿಟೈರಾದ ಆಫೀಸರು, ಏರಿಯಾ ಗ್ರೂಪಿನಲ್ಲಿ ಎಲ್ಲರಿಗಿಂತ ಮೊದಲು ಶುಭೋದಯ ಹೇಳುವವರಂತೆ. ತಮಾಷೆ ವಿಡಿಯೋಗಳಿಗೆಂದೇ ಒಂದು ಪೇಜು ಇಟ್ಟುಕೊಂಡಿದ್ದಾರಂತೆ.

ಆ ಮಧ್ಯಾಹ್ನ ಪಕ್ಕದ ಮನೆಗೆ ಹೋಗಿ, ಅವರ ಟಿವಿಗೆ ಮೊಬೈಲು ಜೋಡಿಸಿ, ಇಬ್ಬರೂ ಪೂರ್ತಿ ನೋಡಿದೆವು. ಡೋಲಿಲ್ಲ, ಕತ್ತಿಯಿಲ್ಲ, ಬಸ್ಸಿನ ಸದ್ದು, ಹಾರ್ನು, ನನ್ನ ದನಿ. ನಾನು ಮಹಾ ಭಾಷಣವನ್ನೇನೂ ಮಾಡಿರಲಿಲ್ಲ. "ಇದು ನಡೆಯೋರ ಜಾಗ ಕಣಪ್ಪಾ. ಆಪರೇಷನ್ ಆಗಿರೋರು ಬಿದ್ದಿದಾರೆ, ಕಾಣಲ್ವಾ? ಇಳಿ, ರಸ್ತೆಗೆ ಇಳಿ" ಎಂದಿದ್ದೆ, ಅದನ್ನೇ ಮತ್ತೆ ಮತ್ತೆ ಹೇಳಿದ್ದೆ. ಆಮೇಲೆ ಹಿಂದಿನ ಬೈಕುಗಳ ಕಡೆಗೆ ಹೋಗಿ ಅವರನ್ನೂ ತಡೆಯುತ್ತಿದ್ದೆ. ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ಮೊದಲಿನ ಬೈಕಿನ ಆ ಯುವಕ ಸ್ಟ್ಯಾಂಡು ಹಾಕಿ ಇಳಿದ. ಹೋಗಿ ಪಕ್ಕದ ಮನೆಯವರ ಮುಂದೆ ಕುಕ್ಕರಗಾಲಲ್ಲಿ ಕೂತ. ಕೋಲು ಎತ್ತಿಕೊಟ್ಟ. ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಕುಡಿಸಿದ. ಭುಜ ಹಿಡಿದು ನಿಧಾನವಾಗಿ ಎಬ್ಬಿಸಿ ನಿಲ್ಲಿಸಿ, ಆಮೇಲೆ ಬೈಕನ್ನು ತಳ್ಳಿಕೊಂಡು ರಸ್ತೆಗೆ ಇಳಿಸಿದ.

"ಇವನು ನಿಮಗೆ ನೀರು ಕೊಟ್ನಾ?" ಎಂದು ಕೇಳಿದೆ.

"ಕೊಟ್ಟ ಕಣ್ರೀ. ಸಾರಿ ಅಜ್ಜಿ, ಸಾರಿ ಅಜ್ಜಿ ಅಂತ ಎಷ್ಟು ಸಲ ಅಂದ. ಅವತ್ತೇ ಹೇಳೋಣ ಅಂದ್ರೆ ನೀವೆಲ್ಲಿ ಬಿಟ್ರಿ? ದಾರಿ ಪೂರ್ತಿ ಬೈಕೊಂಡೇ ಬಂದ್ರಿ."

ನಾನು ಮತ್ತೊಮ್ಮೆ ಹಾಕಿ ನೋಡಿದೆ. ಸಿಟ್ಟು ಇಳಿಯುವ ಬದಲು ಹೆಚ್ಚಾಯಿತು. ನನ್ನ ಮಾತು ತೆಗೆದರು, ಸರಿ. ಇವರನ್ನು ಚಿತ್ರದಿಂದಲೇ ತೆಗೆದರು. ಅದರ ಜೊತೆಗೆ, ತಪ್ಪು ಮಾಡಿದವನೊಬ್ಬ ಬೈಕಿನಿಂದ ಇಳಿದು ಬಂದು ಕ್ಷಮೆ ಕೇಳಿದ್ದನ್ನೂ ತೆಗೆದರು. ಈ ಊರಿನ ರಸ್ತೆಯಲ್ಲಿ ಅದೇನು ದಿನಾ ಕಾಣಸಿಗುವ ದೃಶ್ಯವೇ? ಅದನ್ನು ಬಿಸಾಕಿ, ಅವನ ಬೆದರಿದ ಮುಖವನ್ನು ಮಾತ್ರ ಇಟ್ಟುಕೊಂಡು, ಹಿಂದಕ್ಕೆ ಮುಂದಕ್ಕೆ ಆಡಿಸಿದ್ದರು. ಅವನ ಆಫೀಸಿನಲ್ಲಿ, ಗೆಳೆಯರ ನಡುವೆ, ತರಕಾರಿಗೆ ಹೆದರಿದವನು ಎಂದು ಅವನನ್ನು ಎಷ್ಟು ಜನ ಆಡಿಕೊಂಡಿದ್ದಾರೋ.

ಭಾನುವಾರ ಬೆಳಿಗ್ಗೆ ಪಾರ್ಕಿನಲ್ಲಿ ಏರಿಯಾದವರು ಸೇರುತ್ತಾರೆ. ನಾವಿಬ್ಬರೂ ಹೋದೆವು. ಬೇಡವೆಂದರೂ ಪಕ್ಕದ ಮನೆಯವರು ಕೇಳಲಿಲ್ಲ, ಆಟೋದಲ್ಲಿ ಬಂದರು. ಆ ತಮಾಷೆ ಪೇಜಿನವರು ನನ್ನನ್ನು ಕಂಡು ಕೈ ಚಾಚಿಕೊಂಡೇ ಬಂದರು.

"ಅಯ್ಯೋ, ಮೇಡಂ! ನಿಮ್ಮನ್ನ ಫೇಮಸ್ ಮಾಡಿದೀನಿ, ನೀವು ನಮಗೆಲ್ಲ ಪಾರ್ಟಿ ಕೊಡ್ಬೇಕು."

"ಅದನ್ನ ಕಟ್ ಮಾಡಿದ್ದು ನೀವೇನಾ ಸಾರ್?"

"ನಾನೇನ್ ಮಾಡಿದೆ ಮೇಡಂ? ಎಲ್ಲ ಆ್ಯಪ್ಪೇ ಮಾಡುತ್ತೆ. ವಿಡಿಯೋ ಹಾಕೋದಷ್ಟೇ ನಮ್ಮ ಕೆಲ್ಸ. ಎಲ್ಲಿ ಫನ್ನಿ ಇದೆ ಅಂತ ಅದೇ ಹುಡ್ಕತ್ತೆ, ಮ್ಯೂಸಿಕ್ಕೂ ಅದೇ ಹಾಕತ್ತೆ. ಏನ್ ಟೆಕ್ನಾಲಜಿ ಅಂತೀರ!"

ಟೆಕ್ನಾಲಜಿಯ ಬಗ್ಗೆ ಇವರು ನನಗೆ ಹೇಳುತ್ತಿದ್ದರು. ಯಂತ್ರದ ಮೇಲೆ ನನಗೆ ಯಾವ ಹಗೆಯೂ ಇಲ್ಲ. ಇಡೀ ದಿನ ಕೂತು ಮಾಡುತ್ತಿದ್ದ ಕೆಲಸವನ್ನು ಅದು ಚಿಟಿಕೆ ಹೊಡೆಯುವಷ್ಟರಲ್ಲಿ ಮಾಡಿದರೆ ನಾನು ಮೊದಲು ಮೆಚ್ಚಿಕೊಳ್ಳುವವಳು. ಆದರೆ ಅಂಥದೊಂದು ಯಂತ್ರ ಸಿಕ್ಕಿದ ಮೇಲೆ, ಮಾಡಿದ್ದು ನಾನಲ್ಲ ಎನ್ನುವುದಕ್ಕೂ ಅದನ್ನೇ ಬಳಸುವುದೆಂದರೆ ಏನು? ಬೀಗರ ಮುನಿಸನ್ನು ತೆಗೆದಿದ್ದು ಯಾರೆಂದು ಕೇಳಿದರೆ ನಾನು ವಿಸಿಆರ್ ಕಡೆಗೆ ಬೆರಳು ತೋರಿಸುತ್ತಿರಲಿಲ್ಲ.

"ಹಾಕ್ಲಾ ಅಂತ ಆ ಆ್ಯಪ್ಪು ನನ್ನ ಕೇಳ್ತಾ ಸಾರ್? ನೀವು ಕೇಳಿದ್ರಾ?"

"ಸ್ವಲ್ಪ ಸ್ಪೋರ್ಟಿವ್ ಆಗಿ ತಗೊಳ್ಳಿ ಮೇಡಂ. ಜನ ಟೆನ್ಷನ್‌ನಲ್ಲಿ ಇರ್ತಾರೆ, ಎರಡು ನಿಮಿಷ ನಗ್ತಾರೆ. ಏನು ತಪ್ಪು?"

ನಾನು ಮೊಬೈಲು ತೆಗೆದು, ಬಿಸಿಲಿಗೆ ಸೆರಗು ಮರೆಮಾಡಿ, ಪೂರ್ತಿ ವಿಡಿಯೋವನ್ನು ಹಾಕಿದೆ. ಸುತ್ತ ಇದ್ದವರು ಬಗ್ಗಿದರು. ಬೆಂಚಿನ ಮೇಲಿದ್ದ ಪಕ್ಕದ ಮನೆಯವರು ಕೋಲಿನಿಂದ ತಮ್ಮ ಮಂಡಿ ತೋರಿಸಿ, "ಅಲ್ಲಿ ಕೂತಿದೀನಲ್ಲ, ಅದು ನಾನು" ಎಂದರು. ಯಾರೋ ಛೇ ಎಂದರು. ಇನ್ಯಾರೋ, ಆ ಹುಡುಗ ಒಳ್ಳೆಯವನು ಎಂದರು. ಪೇಜಿನವರು ಅರ್ಧಕ್ಕೇ ಮುಖ ಮೇಲೆತ್ತಿ, "ಸರಿ ಬಿಡಿ, ನಿಮಗೆ ಬೇಜಾರಾದ್ರೆ ಡಿಲೀಟ್ ಮಾಡ್ತೀನಿ" ಎಂದರು, ನನಗೇನೋ ಉಪಕಾರ ಮಾಡುವವರ ಹಾಗೆ.

ಡಿಲೀಟ್ ಮಾಡಿದರು. ಅಷ್ಟು ಹೊತ್ತಿಗೆ ಅದು ಎಷ್ಟೋ ಪೇಜುಗಳಿಗೆ ಹಾರಿತ್ತು. ಬೇರೆ ಸಂಗೀತ ಹಾಕಿದ ತೆಲುಗು ಆವೃತ್ತಿಯೂ ಬಂದಿತ್ತು. ಮಗಳು, ಬೇಡ ಬೇಡ ಎನ್ನುತ್ತಲೇ, ಪೂರ್ತಿ ವಿಡಿಯೋವನ್ನು ತನ್ನ ಹೆಸರಿನಲ್ಲಿ ಹಾಕಿಕೊಟ್ಟಳು. ನೋಡಿದವರು ಬೆರಳೆಣಿಕೆಯಷ್ಟು. ಅದರಲ್ಲೊಬ್ಬ, "ಮ್ಯೂಸಿಕ್ ಇಲ್ಲ, ಬೋರು" ಎಂದು ಬರೆದ. ನಾನು ಅವನಿಗೆ ಉದ್ದದ ಉತ್ತರ ಬರೆದೆ. ಅವನು ಓದಿದನೋ ಇಲ್ಲವೋ.

ಒಂದು ಕೆಲಸ ಮಾತ್ರ ಆಯಿತು. ಪಾರ್ಲರಿನವಳು ಪಟ್ಟು ಬಿಡದೆ ತಾನೇ ಹೋಗಿ ಪೊಲೀಸರಿಗೆ ವಿಡಿಯೋ ತೋರಿಸಿದಳು. ಫುಟ್‌ಪಾತಿನ ಒಂದು ತುದಿಗೆ ಕಬ್ಬಿಣದ ಗೂಟಗಳು ಬಂದವು. ಇನ್ನೊಂದು ತುದಿ ತೆರೆದೇ ಇದೆ. ಬೈಕಿನವರು ಅಲ್ಲಿಂದ ಹತ್ತಿ, ಗೂಟ ಕಂಡು, ತಿರುಗಿಸಿಕೊಂಡು ಎದುರಿನಿಂದ ಬರುತ್ತಾರೆ. ಪಕ್ಕದ ಮನೆಯವರು ಈಗ ಆ ಕಡೆಗೆ ಹೋಗುವುದನ್ನೇ ಬಿಟ್ಟು ಟೆರೇಸಿನ ಮೇಲೆ ನಡೆಯುತ್ತಾರೆ. ಅದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಅದುವರೆಗೆ ನಾನಿಲ್ಲದಿದ್ದ ಏರಿಯಾ ಗ್ರೂಪಿಗೆ ಈಗ ನಾನೂ ಸೇರಿದ್ದೇನೆ, ಅಲ್ಲಿ ವಿಡಿಯೋಗಳು ಬರುತ್ತಲೇ ಇವೆ. ಮೊನ್ನೆ ಬಂದದ್ದರಲ್ಲಿ, ಎಲ್ಲಿಯೋ ಒಬ್ಬ ವಯಸ್ಸಾದವರು ಬಸ್ ಸ್ಟಾಪಿನಲ್ಲಿ ಕೂತಲ್ಲೇ ತೂಕಡಿಸಿ ಪಕ್ಕದವರ ಮೇಲೆ ವಾಲುತ್ತಿದ್ದರು. ವಾಲಿದಾಗಲೆಲ್ಲ ಗೊರಕೆಯ ಸದ್ದು ಸೇರಿಸಿದ್ದರು. ಕೆಳಗೆ ನಗುವ ಮುಖಗಳು ಸಾಲುಗಟ್ಟಿದ್ದವು. "ಇವರು ಯಾಕೆ ಅಷ್ಟು ಸುಸ್ತಾಗಿದ್ದರು, ಯಾರಾದರೂ ಕೇಳಿದಿರಾ? ಇದಕ್ಕಿಂತ ಮುಂಚಿನ ಭಾಗ ಎಲ್ಲಿ?" ಎಂದು ಬರೆದೆ. ಸ್ವಲ್ಪ ಹೊತ್ತಿಗೆ ಪೇಜಿನವರು ಒಂದು ಹೂವಿನ ಚಿತ್ರ ಹಾಕಿ ವಿಷಯ ಮುಚ್ಚಿದರು.

"ಗ್ರೂಪ್ ಬಿಟ್ಬಿಡಮ್ಮ, ಬಿಪಿ ಏರಿಸ್ಕೋಬೇಡ" ಎನ್ನುತ್ತಾಳೆ ಮಗಳು. ನಾನು ಬಿಟ್ಟಿಲ್ಲ. ಅಂಥದು ಬಂದಾಗಲೆಲ್ಲ ಕೇಳುತ್ತೇನೆ, ಇನ್ನೂ ಕೇಳುವವಳೇ.